ಮನೆ ಮಾರುವವರ ಏಜೆಂಟ್ ಜೊತೆ ನಾನೇ ನೇರವಾಗಿ ರೇಟು ಮಾತಾಡಬಹುದಾ?

ಮಾತಾಡಬಹುದು. ನಿಮ್ಮದೇ ಏಜೆಂಟ್ ಇದ್ದರೆ ಮಾತ್ರ ಅವರ ಮೂಲಕವೇ ಹೋಗಿ.

ಒಂದು ನೆನಪಿರಲಿ, ಆ ಏಜೆಂಟ್ ಕೆಲಸ ಮಾಡುವುದು ಮಾರುವವರ ಪರವಾಗಿ. ನೀವು ಹೇಳಿದ್ದೆಲ್ಲ ಅವರ ಕಿವಿಗೆ ಹೋಗುತ್ತದೆ ಅಂದುಕೊಂಡೇ ಬಾಯಿ ಬಿಡಿ. ‘ಮನೆ ತುಂಬಾ ಹಿಡಿಸಿತು, ಬೇಕಾದ್ರೆ ಇನ್ನೂ ಸ್ವಲ್ಪ ಜಾಸ್ತಿ ಕೊಡ್ತೀವಿ’ ಅಂದರೆ ಚೌಕಾಸಿ ಅಲ್ಲಿಗೇ ಮುಗೀತು, ಅಲ್ವಾ? ಎಷ್ಟು ಸಾಲ ಸಿಗುತ್ತದೆ, ಬಾಡಿಗೆ ಮನೆ ಯಾವಾಗ ಖಾಲಿ ಮಾಡಬೇಕು ಅನ್ನುವುದನ್ನೂ ಹೇಳಬೇಡಿ.

ಬದಲಿಗೆ ನೀವೇ ಕೇಳಿ: ಅವರಿಗೆ ದುಡ್ಡು ಮುಖ್ಯವೋ, ಬೇಗ ಮುಗಿಯುವುದು ಮುಖ್ಯವೋ? ಕೆಲವೊಮ್ಮೆ ಅವರಿಗೆ ಬೇಕಾದ ತಾರೀಖಿಗೆ ಒಪ್ಪಿದರೆ ಬೆಲೆಯಲ್ಲೂ ಸ್ವಲ್ಪ ಇಳಿಯುತ್ತಾರೆ.

‘ಬೇರೆಯವರೂ ಕೇಳ್ತಿದ್ದಾರೆ’ ಅನ್ನುವುದು ನಿಜವೂ ಇರಬಹುದು, ಸುಮ್ನೆ ಒತ್ತಡವೂ ಇರಬಹುದು. ಫೋನಲ್ಲಿ ಒಪ್ಪಿದ್ದನ್ನು ಅವತ್ತೇ ಬರೆದು ಕಳಿಸಿ, ಅವರಿಂದಲೂ ಬರಹದಲ್ಲೇ ಉತ್ತರ ತರಿಸಿಕೊಳ್ಳಿ.