ಓದುಗರ ಪ್ರಶ್ನೆ: ಡೇಟಾಬೇಸಿಗೆ ಹಾಕಿದ್ದು ಎಲ್ಲಿ ಹೋಯಿತು?

ಈ ಸಲ ಬಂದ ಪತ್ರಗಳಲ್ಲಿ ಡೇಟಾಬೇಸಿನ ತೊಂದರೆಗಳೇ ಹೆಚ್ಚು. ಹಲವರು ‘ಎರರ್ ಬರ್ತಾ ಇದೆ, ಏನ್ ಮಾಡ್ಲಿ’ ಎಂದಷ್ಟೇ ಬರೆದಿದ್ದೀರಿ. ದಯವಿಟ್ಟು ಎರರ್ ಸಂಖ್ಯೆಯನ್ನೂ ಅದರ ಮುಂದಿನ ಸಾಲನ್ನೂ ಪೂರ್ತಿ ಬರೆದು ಕಳಿಸಿ. ಡೇಟಾಬೇಸ್ ನಮಗೆ ಸಿಟ್ಟಿನಿಂದ ಬೈಯುತ್ತಿಲ್ಲ, ಎಲ್ಲಿ ತಪ್ಪಿತೆಂದು ಹೇಳುತ್ತಿದೆ. ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ನನ್ನ ವಿದ್ಯಾರ್ಥಿಗಳು ಆ ಕೆಂಪು ಸಾಲು ಕಂಡ ಕೂಡಲೇ ವಿಂಡೋ ಮುಚ್ಚಿಬಿಡುತ್ತಾರೆ. ನೀವು ಹಾಗೆ ಮಾಡಬೇಡಿ.

ಪ್ರಶ್ನೆ: ನಮ್ಮ ಊರಿನ ಗ್ರಂಥಾಲಯದ ಪುಸ್ತಕಪಟ್ಟಿಯನ್ನು ಹಳೇ ಕಂಪ್ಯೂಟರಿನಿಂದ ಹೊಸದಕ್ಕೆ ಸಾಗಿಸಿದೆವು. ಡೇಟಾಬೇಸಿಗೆ ಮೈಎಸ್‌ಕ್ಯುಎಲ್, ಪ್ರೋಗ್ರಾಮಿಗೆ ಪಿಎಚ್‌ಪಿ ಬಳಸುತ್ತೇವೆ. ಇಂಗ್ಲಿಷ್ ಹೆಸರುಗಳು ಸರಿಯಾಗಿವೆ, ಕನ್ನಡದ್ದೆಲ್ಲ ????? ಎಂದು ಕಾಣುತ್ತಿದೆ. ಮತ್ತೆ ಮೊದಲಿನಿಂದ ಟೈಪ್ ಮಾಡಬೇಕೇ ಮೇಡಂ? (ಸಾಗರದ ಓದುಗರು)

ಉತ್ತರ: ಈಗಲೇ ಟೈಪ್ ಮಾಡಲು ಕೂರಬೇಡಿ. ಅದಕ್ಕಿಂತ ಮುಖ್ಯವಾಗಿ, ಆ ಪ್ರಶ್ನಾರ್ಥಕ ಚಿಹ್ನೆಗಳು ಕಾಣುವ ಪರದೆಯಲ್ಲಿ ಯಾರೂ ‘ಸೇವ್’ ಒತ್ತದಂತೆ ನೋಡಿಕೊಳ್ಳಿ. ಒಳಗೆ ಕನ್ನಡ ಇನ್ನೂ ಸುರಕ್ಷಿತವಾಗಿ ಇರಬಹುದು. ಆದರೆ ಆ ಪರದೆಯಿಂದ ಒಮ್ಮೆ ಸೇವ್ ಮಾಡಿದರೆ ಇದ್ದ ಕನ್ನಡದ ಮೇಲೆ ನಿಜವಾಗಿಯೂ ಪ್ರಶ್ನಾರ್ಥಕ ಚಿಹ್ನೆಗಳೇ ಕೂರುತ್ತವೆ. ಹಳೇ ಕಂಪ್ಯೂಟರನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಹೊಸದರಲ್ಲಿ ಇರುವುದನ್ನೂ ಹೇಗಿದೆಯೋ ಹಾಗೇ ಒಂದು ಬ್ಯಾಕಪ್ ತೆಗೆದಿಡಿ.

ಈಗ ಒಳಗೆ ಏನಿದೆ ಎಂದು ನೋಡೋಣ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಕ್ರಮದಲ್ಲಿ) ಮೂರು ಬೈಟ್ ಬೇಕು. ಮೊದಲನೆಯ ಬೈಟ್ ಯಾವಾಗಲೂ ‘ಇ0’, ಎರಡನೆಯದು ‘ಬಿ2’ ಅಥವಾ ‘ಬಿ3’. ‘ಕ’ ಅಕ್ಷರ ‘ಇ0 ಬಿ2 95’ ಎಂದು ಕೂತಿರುತ್ತದೆ. ಒಂದು ಪುಸ್ತಕದ ಹೆಸರನ್ನು ಸೆಲೆಕ್ಟ್ ಮಾಡುವಾಗ ಕಾಲಂ ಹೆಸರಿಗೆ ‘ಹೆಕ್ಸ್’ ಫಂಕ್ಷನ್ ಹಾಕಿ ನೋಡಿ, ಅದು ಒಳಗಿರುವ ಬೈಟುಗಳನ್ನೇ ತೋರಿಸುತ್ತದೆ. ಕಣ್ಣಿಗೆ ಕಾಣುವ ಅಕ್ಷರಗಳು ಮೋಸ ಮಾಡಬಹುದು, ಹೆಕ್ಸ್ ಮಾಡುವುದಿಲ್ಲ.

‘ಇ0ಬಿ2’ ಎಂದು ಶುರುವಾಗಿದ್ದು, ಕಾಲಂ ಕೂಡ ‘ಯುಟಿಎಫ್8ಎಂಬಿ4’ (ಮೈಎಸ್‌ಕ್ಯುಎಲ್‌ನಲ್ಲಿ ಪೂರ್ತಿ ಯುಟಿಎಫ್-8ಕ್ಕೆ ಇರುವ ಹೆಸರು) ಎಂದೇ ಇದ್ದರೆ ನಿಮ್ಮ ಪುಸ್ತಕಗಳೆಲ್ಲ ಕ್ಷೇಮ. ಪಿಎಚ್‌ಪಿ ಮತ್ತು ಮೈಎಸ್‌ಕ್ಯುಎಲ್ ನಡುವಿನ ಕನೆಕ್ಷನ್ ‘ಲ್ಯಾಟಿನ್1’ (ಇಂಗ್ಲಿಷಿನಂಥ ಪಶ್ಚಿಮ ಯುರೋಪಿನ ಭಾಷೆಗಳ ಕ್ಯಾರೆಕ್ಟರ್ ಸೆಟ್, ಅಂದರೆ ಅಕ್ಷರಪಟ್ಟಿ) ಎಂದು ಮಾತಾಡುತ್ತಿದೆ, ಅಷ್ಟೇ. ಲ್ಯಾಟಿನ್1ರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದ್ದರಿಂದ ಹೊರಗೆ ಕೊಡುವಾಗ ಪ್ರತಿ ಸಂಕೇತಕ್ಕೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸುತ್ತದೆ. ಕನೆಕ್ಷನ್ ತೆರೆದ ಮರುಸಾಲಿನಲ್ಲೇ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಎಂದು ಹೇಳಿದರೆ ಮುಗಿಯಿತು.

ಹೆಕ್ಸ್‌ನಲ್ಲಿ ‘3ಎಫ್ 3ಎಫ್ 3ಎಫ್’ ಎಂದು ಬಂದರೆ ಮಾತ್ರ ಕೆಟ್ಟ ಸುದ್ದಿ. 3ಎಫ್ ಎಂದರೆ ಪ್ರಶ್ನಾರ್ಥಕ ಚಿಹ್ನೆಯೇ. ಅಲ್ಲಿ ಕನ್ನಡ ಉಳಿದಿಲ್ಲ, ಯಾವ ತಂತ್ರದಿಂದಲೂ ವಾಪಸ್ ಬಾರದು. ಹಳೇ ಕಂಪ್ಯೂಟರಿನಿಂದ ಸರಿಯಾದ ಕ್ಯಾರೆಕ್ಟರ್ ಸೆಟ್ ಹೇಳಿ ಮತ್ತೊಮ್ಮೆ ಡಂಪ್ (ಡೇಟಾಬೇಸಿನ ಪೂರ್ತಿ ನಕಲು) ತೆಗೆಯಬೇಕು. ಅದಕ್ಕೇ ಅದನ್ನು ಯಾರಿಗೂ ಕೊಡಬೇಡಿ ಎಂದಿದ್ದು.

ಇನ್ನೊಂದು ಬಗೆಯ ಕಸವೂ ಉಂಟು. ನಿಮ್ಮದು ಅದಲ್ಲ, ಆದರೆ ಇತರರಿಗೆ ಉಪಯೋಗವಾದೀತು. ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷ್ ‘ಎ’, ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2 ಅಥವಾ 3, ಹೀಗೆ ಸಾಲುಗಟ್ಟಿ ಕಂಡರೆ ಖುಷಿಪಡಿ. ಆ ಗೀಟಿನ ‘ಎ’ ಎಂದರೆ ಇ0, ಪುಟ್ಟ 2 ಎಂದರೆ ಬಿ2, ಪುಟ್ಟ 3 ಎಂದರೆ ಬಿ3. ಅಂದರೆ ಕನ್ನಡ ಪೂರ್ತಿ ಅಲ್ಲೇ ಇದೆ, ಓದುವವರು ತಪ್ಪಾಗಿ ಓದುತ್ತಿದ್ದಾರೆ. ಹಳೇ ಪ್ರೋಗ್ರಾಮುಗಳು ಲ್ಯಾಟಿನ್1 ಟೇಬಲ್ಲಿನೊಳಗೆ ಕನ್ನಡದ ಬೈಟುಗಳನ್ನು ಹಾಗೇ ತುರುಕುತ್ತಿದ್ದವು. ಅದೇ ಪ್ರೋಗ್ರಾಮು ಹಾಗೇ ಹೊರತೆಗೆಯುತ್ತಿದ್ದರಿಂದ ವರ್ಷಗಟ್ಟಲೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಂಥ ಕಾಲಮ್ಮನ್ನು ನೇರವಾಗಿ ಯುಟಿಎಫ್8ಎಂಬಿ4ಕ್ಕೆ ಬದಲಿಸಿದರೆ ಕಸವೇ ಅಧಿಕೃತವಾಗಿಬಿಡುತ್ತದೆ. ಮೊದಲು ಬೈಟುಗಳನ್ನು ಅಕ್ಷರವೆಂದು ನೋಡದೆ ಹಾಗೇ ಇಡುವ ಬೈನರಿ ಜಾತಿಯ ಕಾಲಂ ಮಾಡಿ, ಆಮೇಲೆ ಯುಟಿಎಫ್8ಎಂಬಿ4 ಮಾಡಬೇಕು. ಹೆಕ್ಸ್ ‘ಸಿ3ಎ0ಸಿ2ಬಿ2’ ಎಂದು ಶುರುವಾದರೆ ಎರಡು ಸಲ ಸುತ್ತಿದ್ದಾರೆ ಎಂದರ್ಥ, ಆಗ ಲ್ಯಾಟಿನ್1, ಬೈನರಿ, ಯುಟಿಎಫ್8ಎಂಬಿ4 ಎಂಬ ಕ್ರಮದಲ್ಲಿ ಬಿಚ್ಚಬೇಕು.

ಮೈಎಸ್‌ಕ್ಯುಎಲ್ 5.7ರವರೆಗೂ ತಾನಾಗಿ ಆರಿಸಿಕೊಳ್ಳುತ್ತಿದ್ದುದು ಲ್ಯಾಟಿನ್1 ಅನ್ನೇ. 2018ರಲ್ಲಿ ಬಂದ 8.0ರಿಂದ ಯುಟಿಎಫ್8ಎಂಬಿ4 ಆಯಿತು. ನಡುವೆ ಬರೀ ‘ಯುಟಿಎಫ್8’ ಎಂಬುದೂ ಇದೆ. ಅದು ಮೂರು ಬೈಟಿನವರೆಗೆ ಮಾತ್ರ, ಕನ್ನಡ ಹಿಡಿಸುತ್ತದೆ, ಎಮೋಜಿ ಬಂದರೆ 1366 ಎಂಬ ಎರರ್ ಕೊಟ್ಟು ನಿಂತುಬಿಡುತ್ತದೆ. ಹೊಸದಾಗಿ ಮಾಡುವವರು ಅದನ್ನು ಆರಿಸಬೇಡಿ.

ಪ್ರಶ್ನೆ: ಪೈಥಾನ್‌ನಲ್ಲಿ ಹಾಸ್ಟೆಲ್ ಹಾಜರಾತಿಯ ಪ್ರಾಜೆಕ್ಟ್ ಮಾಡಿದ್ದೇನೆ. ಇನ್ಸರ್ಟ್ ಆದ ಮೇಲೆ ಅದೇ ಪ್ರೋಗ್ರಾಮಿನಲ್ಲಿ ಸೆಲೆಕ್ಟ್ ಮಾಡಿದರೆ ಸಾಲು ಬರುತ್ತದೆ. ಮುಚ್ಚಿ ತೆರೆದರೆ ಇಲ್ಲ. ಎರರ್ ಕೂಡ ಇಲ್ಲ. (ತುಮಕೂರಿನ ವಿದ್ಯಾರ್ಥಿ)

ಉತ್ತರ: ಕಮಿಟ್, ಅಂದರೆ ‘ಇದನ್ನು ಖಾಯಂ ಮಾಡು’ ಎಂಬ ಆದೇಶ, ಬಿಟ್ಟುಹೋಗಿದೆ ಕಣಪ್ಪ. ಪೈಥಾನ್‌ನ ಮೈಎಸ್‌ಕ್ಯುಎಲ್ ಕನೆಕ್ಟರಿನಲ್ಲಿ ಆಟೊಕಮಿಟ್ ತಾನಾಗಿ ಆನ್ ಆಗಿರುವುದಿಲ್ಲ. ಇನ್ಸರ್ಟ್ ಆದ ಸಾಲು ನಿನ್ನ ಕನೆಕ್ಷನ್ನಿಗೆ ಮಾತ್ರ ಕಾಣುತ್ತದೆ. ನೀನು ಕಮಿಟ್ ಹೇಳದೆ ಕನೆಕ್ಷನ್ ಮುಚ್ಚಿದರೆ ಡೇಟಾಬೇಸ್ ಅದನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಅದರ ದೃಷ್ಟಿಯಲ್ಲಿ ತಪ್ಪೇನೂ ನಡೆದಿಲ್ಲ, ಹಾಗಾಗಿ ಎರರ್ ಕೊಡುವುದಿಲ್ಲ. ಎಸ್‌ಕ್ಯುಲೈಟ್ ಮಾಡ್ಯೂಲಿನಲ್ಲೂ ಇದೇ ಕಥೆ.

ಇದರ ತಿರುವುಮುರುವೂ ಆಗುತ್ತದೆ. ಕಮಿಟ್ ಆಗಿರುತ್ತದೆ, ಆದರೆ ಪಕ್ಕದಲ್ಲಿ ತೆರೆದಿಟ್ಟ ಇನ್ನೊಂದು ಪ್ರೋಗ್ರಾಮಿನಲ್ಲಿ ಕಾಣುವುದಿಲ್ಲ. ಮೈಎಸ್‌ಕ್ಯುಎಲ್ ತಾನಾಗಿ ಬಳಸುವ ಸಂಗ್ರಹ ವ್ಯವಸ್ಥೆಯಾದ ಇನ್ನೊಡಿಬಿಯಲ್ಲಿ ಒಂದು ಟ್ರಾನ್ಸಾಕ್ಷನ್ (ಕಮಿಟ್‌ವರೆಗಿನ ಕೆಲಸಗಳ ಗುಂಪು) ಮೊದಲ ಸಲ ಓದಿದಾಗ ಡೇಟಾ ಹೇಗಿತ್ತೋ, ಆ ಟ್ರಾನ್ಸಾಕ್ಷನ್ ಮುಗಿಯುವವರೆಗೂ ಹಾಗೇ ತೋರಿಸುತ್ತದೆ. ಬರೀ ಓದುವ ಪ್ರೋಗ್ರಾಮು ಕೂಡ ಆಗಾಗ ಕಮಿಟ್ ಮಾಡಿ ಹೊಸದಾಗಿ ಓದಬೇಕು.

ನಿನ್ನ ಕೋಡಿನಲ್ಲಿ ನನಗೆ ನಿಜವಾಗಿ ಬೇಸರ ತಂದಿದ್ದು ಬೇರೆ. ಇನ್ಸರ್ಟಿನ ಕೆಳಗಿನ ಸಾಲಿನಲ್ಲೇ ‘ಹಾಜರಾತಿ ಉಳಿಸಲಾಗಿದೆ’ ಎಂದು ಪ್ರಿಂಟ್ ಮಾಡಿದ್ದೀಯ. ಎರರ್ ಬಂದರೆ ಏನು ಮಾಡಬೇಕೆಂದು ಹೇಳುವ ಎಕ್ಸೆಪ್ಟ್ ಭಾಗದಲ್ಲಿ ಬರೀ ‘ಪಾಸ್’ (ಏನೂ ಮಾಡಬೇಡ) ಎಂದಿದೆ. ನಾಳೆ ಇದನ್ನು ನಿಜವಾದ ವಾರ್ಡನ್ ಬಳಸುತ್ತಾರೆ ಎಂದುಕೊ. ಪರದೆ ಉಳಿಸಿದೆ ಎಂದಿತು, ಅವರು ಪುಸ್ತಕದಲ್ಲಿ ಬರೆಯುವುದನ್ನು ಬಿಟ್ಟರು. ತಿಂಗಳ ಕೊನೆಗೆ ಒಬ್ಬ ಹುಡುಗನ ಹಾಜರಾತಿ ಇಲ್ಲ, ಅವನ ಸ್ಕಾಲರ್‌ಶಿಪ್ ನಿಂತಿತು. ಕಮಿಟ್ ಯಶಸ್ವಿಯಾಗಿ ವಾಪಸ್ ಬರುವವರೆಗೆ ‘ಉಳಿಸಲಾಗಿದೆ’ ಎಂಬ ಮಾತು ಪರದೆಗೆ ಬರಕೂಡದು. ಎರರ್ ಬಂದರೆ ರೋಲ್‌ಬ್ಯಾಕ್ ಮಾಡಿ (ಅರ್ಧ ಆದದ್ದನ್ನು ರದ್ದುಮಾಡಿ), ಸಂದೇಶವನ್ನು ಲಾಗ್ ಫೈಲಿಗೆ ಬರೆದು, ‘ಉಳಿಯಲಿಲ್ಲ, ಮತ್ತೆ ಪ್ರಯತ್ನಿಸಿ’ ಎಂದು ನೇರವಾಗಿ ಹೇಳಬೇಕು. ಇದಕ್ಕೆ ಅಂಕ ಕೊಡುವವರು ಕಡಿಮೆ, ಆದರೂ ಮಾಡು.

ಪ್ರಶ್ನೆ: ಗ್ರಾಹಕರ ಪಟ್ಟಿಯಲ್ಲಿ ಎಲ್ಲರ ಮೊಬೈಲ್ ಸಂಖ್ಯೆಯೂ 2147483647 ಆಗಿಬಿಟ್ಟಿದೆ! ವೈರಸ್ಸೇ? (ದಾವಣಗೆರೆಯ ಅಂಗಡಿ ಮಾಲೀಕರು)

ಉತ್ತರ: ವೈರಸ್ ಅಲ್ಲ. ಸಂಖ್ಯೆಯ ಕಾಲಮ್ಮನ್ನು ‘ಇಂಟ್’ ಮಾಡಿದ್ದಾರೆ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆಯೇ 2147483647. ನಮ್ಮ ಮೊಬೈಲ್ ಸಂಖ್ಯೆಗಳು 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗಿ ಹತ್ತು ಅಂಕಿ ಇರುವುದರಿಂದ ಒಂದೂ ಅದರಲ್ಲಿ ಕೂರದು. ಮೈಎಸ್‌ಕ್ಯುಎಲ್ 5.7ರಿಂದ ಸ್ಟ್ರಿಕ್ಟ್ ಮೋಡ್ ತಾನಾಗಿ ಆನ್ ಇದ್ದು, ಇಂಥದ್ದಕ್ಕೆ ಎರರ್ ಕೊಟ್ಟು ನಿಲ್ಲಿಸುತ್ತದೆ. ನಿಮ್ಮಲ್ಲಿ ಅದನ್ನು ಯಾರೋ ಆಫ್ ಮಾಡಿದ್ದಾರೆ, ಅಥವಾ ಸರ್ವರ್ ಹಳೆಯದು. ಎರರ್ ಬರಬಾರದೆಂದು ಸ್ಟ್ರಿಕ್ಟ್ ಮೋಡ್ ಆಫ್ ಮಾಡುವ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪಬೇಡಿ. ಹೋದ ಸಂಖ್ಯೆಗಳನ್ನು ಹಳೇ ಬಿಲ್ಲುಗಳಿಂದಲೇ ತುಂಬಿಸಿಕೊಳ್ಳಬೇಕು.

ಕಾಲಮ್ಮನ್ನು ವಾರ್‌ಕ್ಯಾರ್ (ಅಕ್ಷರಗಳನ್ನಿಡುವ ಜಾತಿ) ಮಾಡಿಸಿ. ಕೂಡಿಸಿ ಕಳೆಯದ ಅಂಕಿಗಳೆಲ್ಲ (ಫೋನ್, ಪಿನ್‌ಕೋಡ್, ಆಧಾರ್) ಅಕ್ಷರಗಳೇ. ಹಾಗೆ ಮಾಡಿದ ಮೇಲೆ ಹುಡುಕುವಾಗ ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗೆ, ಇನ್ನೂ ಒಳ್ಳೆಯದೆಂದರೆ ಪ್ರಿಪೇರ್ಡ್ ಸ್ಟೇಟ್‌ಮೆಂಟಿನಲ್ಲಿ (ಆದೇಶವನ್ನೂ ಮೌಲ್ಯವನ್ನೂ ಬೇರೆಬೇರೆಯಾಗಿ ಕಳಿಸುವ ಕ್ರಮದಲ್ಲಿ) ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಆಗಿ ಕೊಡಿಸಿ. ಬರೀ ಸಂಖ್ಯೆಯಾಗಿ ಕೊಟ್ಟರೆ ಮೈಎಸ್‌ಕ್ಯುಎಲ್ ಇಂಡೆಕ್ಸ್ (ಬೇಗ ಹುಡುಕಲು ಇರುವ ಸೂಚಿ) ಬಿಟ್ಟು ಇಡೀ ಟೇಬಲ್ ಓದುತ್ತದೆ. ‘ಎಕ್ಸ್‌ಪ್ಲೇನ್’ ಹಾಕಿ ನೋಡಿದರೆ ಟೈಪ್ ಎಂಬಲ್ಲಿ ‘ಆಲ್’ ಎಂದು ಕಾಣುತ್ತದೆ.

ಪ್ರಶ್ನೆ: ಬೆಳಿಗ್ಗೆ ಕ್ಲಿನಿಕ್ ತೆರೆದು ಮೊದಲ ರೋಗಿಯ ವಿವರ ಹಾಕಿದಾಗ ಮಾತ್ರ ‘ಸರ್ವರ್ ಹ್ಯಾಸ್ ಗಾನ್ ಅವೇ’ ಬರುತ್ತದೆ. ಪ್ರೋಗ್ರಾಮ್ ಮುಚ್ಚಿ ತೆರೆದರೆ ಸಂಜೆವರೆಗೂ ಸರಿ. (ಹುಬ್ಬಳ್ಳಿ)

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. 28800 ಸೆಕೆಂಡು, ಅಂದರೆ 8 ಗಂಟೆ ಸುಮ್ಮನಿದ್ದ ಕನೆಕ್ಷನ್ನನ್ನು ಮೈಎಸ್‌ಕ್ಯುಎಲ್ ಕಡಿದುಹಾಕುತ್ತದೆ. ರಾತ್ರಿ ಪ್ರೋಗ್ರಾಮು ತೆರೆದೇ ಇದ್ದು ಬೆಳಿಗ್ಗೆ ಆ ಸತ್ತ ಕನೆಕ್ಷನ್ನನ್ನೇ ಬಳಸುತ್ತಿದೆ. ಕಾಲಾವಧಿ ಹೆಚ್ಚಿಸಬೇಡಿ. ಬಳಸುವ ಮುನ್ನ ಕನೆಕ್ಷನ್ ಜೀವಂತವಿದೆಯೇ ಎಂದು ಪಿಂಗ್ ಮಾಡಿ, ಇಲ್ಲದಿದ್ದರೆ ಹೊಸದು ತೆರೆಯುವಂತೆ ಪ್ರೋಗ್ರಾಮ್ ಬರೆದವರಿಗೆ ಹೇಳಿ. ದೊಡ್ಡ ಎಕ್ಸ್‌ರೇ ಚಿತ್ರ ಸೇವ್ ಮಾಡುವಾಗಲೂ ಇದೇ ಸಂದೇಶ ಬಂದರೆ ಕಾರಣ ಬೇರೆ, ಆಗ ಪ್ಯಾಕೆಟ್ ಮಿತಿ (ಒಂದು ಸಲಕ್ಕೆ ಕಳಿಸಬಹುದಾದ ಗಾತ್ರ) ನೋಡಬೇಕು.

ಪ್ರಶ್ನೆ: 1045, 2002, 2003, 1040. ಒಂದೊಂದು ದಿನ ಒಂದೊಂದು. ಇವುಗಳ ವ್ಯತ್ಯಾಸ ತಿಳಿಸಿ. (ಕಾರ್ಕಳ)

ಉತ್ತರ: 1045 ಬಂದರೆ ಸರ್ವರ್ ಸಿಕ್ಕಿದೆ, ಯೂಸರ್ ಹೆಸರೋ ಪಾಸ್‌ವರ್ಡೋ, ಅಥವಾ ಆ ಕಂಪ್ಯೂಟರಿನಿಂದ ಬರಲು ಅನುಮತಿಯೋ ತಪ್ಪಿದೆ. ಅದಕ್ಕೆ ಫೈರ್‌ವಾಲ್ ಕೆದಕುತ್ತಾ ಕೂರಬೇಡಿ. 2003 ಬಂದರೆ ನೆಟ್‌ವರ್ಕಿನ ಮೂಲಕ ತಲುಪಲೇ ಇಲ್ಲ. ಸರ್ವರ್ ನಿಂತಿರಬಹುದು, 3306 ಪೋರ್ಟ್ ಮುಚ್ಚಿರಬಹುದು, ಅಥವಾ ಸರ್ವರ್ 127.0.0.1ರಲ್ಲಿ, ಅಂದರೆ ತನ್ನದೇ ಕಂಪ್ಯೂಟರಿನೊಳಗೆ, ಮಾತ್ರ ಕಿವಿಗೊಡುತ್ತಿರಬಹುದು. 2002 ಹೆಚ್ಚಾಗಿ ಲಿನಕ್ಸಿನಲ್ಲಿ ‘ಲೋಕಲ್‌ಹೋಸ್ಟ್’ ಎಂದಾಗ ಬರುತ್ತದೆ. ಆ ಹೆಸರು ಕೊಟ್ಟರೆ ಅದು ನೆಟ್‌ವರ್ಕ್ ಬಿಟ್ಟು ಸಾಕೆಟ್ ಫೈಲ್ ಹುಡುಕುತ್ತದೆ. 127.0.0.1 ಎಂದು ಬರೆದು ನೋಡಿ. 1040 ಎಂದರೆ ಕನೆಕ್ಷನ್‌ಗಳು ಭರ್ತಿ. ಮೂಲತಃ ಮಿತಿ 151. ‘ಶೋ ಪ್ರೊಸೆಸ್‌ಲಿಸ್ಟ್’ ಕೊಟ್ಟಾಗ ಸಾಲುಸಾಲು ‘ಸ್ಲೀಪ್’ ಕಂಡರೆ, ತೆರೆದ ಕನೆಕ್ಷನ್‌ಗಳನ್ನು ಪ್ರೋಗ್ರಾಮ್ ಮುಚ್ಚುತ್ತಿಲ್ಲ ಎಂದರ್ಥ. ಮಿತಿ ಏರಿಸಿದರೆ ನಾಲ್ಕು ದಿನ ತಡವಾಗಿ ಮತ್ತೆ ಅದೇ.

ಪ್ರಶ್ನೆ: ‘ರಮೇಶ್’ ಎಂದು ಹುಡುಕಿದರೆ ಕೆಲವು ರಮೇಶ್ ಸಿಗುವುದೇ ಇಲ್ಲ. ಕಣ್ಣಿಗೆ ಎರಡೂ ಒಂದೇ! (ಮಂಡ್ಯದ ಶಾಲಾ ಶಿಕ್ಷಕಿ)

ಉತ್ತರ: ಆ ಎರಡು ಹೆಸರುಗಳಿಗೂ ಹೆಕ್ಸ್ ಹಾಕಿ ನೋಡಿ. ಕೆಲವು ಕೀಬೋರ್ಡುಗಳು ಕೊನೆಯ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುತ್ತವೆ, ಅದರ ಬೈಟುಗಳು ‘ಇ2 80 8ಸಿ’. ‘ಲೈಕ್’ ಹುಡುಕಾಟ ಒಂದೊಂದೇ ಸಂಕೇತ ಹೋಲಿಸುವುದರಿಂದ ಹೊಂದುವುದಿಲ್ಲ. ‘ಗೋಪಾಲ’ದ ಓತ್ವವೂ ಹೀಗೆಯೇ ಕಾಡುತ್ತದೆ. ಒಬ್ಬರ ಕೀಬೋರ್ಡಿನಲ್ಲಿ ಅದು ಒಂದೇ ಸಂಕೇತ, ಇನ್ನೊಬ್ಬರದರಲ್ಲಿ ಒತ್ವ ಮತ್ತು ದೀರ್ಘ ಬೇರೆ ಬೇರೆ. ಸೇವ್ ಮಾಡುವ ಮುನ್ನವೂ ಹುಡುಕುವ ಮುನ್ನವೂ ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಸಂಕೇತಗಳನ್ನು ಕೂಡಿಸಿ ಬರೆಯುವ ಯೂನಿಕೋಡಿನ ಏಕರೂಪಕ್ಕೆ) ತಂದು, ಪದದ ಕೊನೆಯಲ್ಲಿ ಕಣ್ಣಿಗೆ ಕಾಣದ ಆ ಸಂಕೇತವಿದ್ದರೆ ತೆಗೆಯಿರಿ. ಪದದ ನಡುವಿನದನ್ನು ಮುಟ್ಟಬೇಡಿ, ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗುತ್ತದೆ. ಮಕ್ಕಳ ಹೆಸರು ಅಂಕಪಟ್ಟಿಗೆ ಹೋಗುವುದರಿಂದ, ಬದಲಿಸಿದ ಪ್ರತಿ ಹೆಸರನ್ನೂ ದಾಖಲಾತಿ ಪುಸ್ತಕದೊಂದಿಗೆ ಒಮ್ಮೆ ತಾಳೆ ನೋಡಿ.