ಓದುಗರ ಪ್ರಶ್ನೆಗಳಿಗೆ ಉತ್ತರ: ಗಾಳಿ ವಿದ್ಯುತ್ತಿಗೆ ಹತ್ತಿರದ ತಂತಿಯೇ ಸಾಕೇ?

ಪ್ರಶ್ನೆ: ನಾವು ಕೆಲವರು ಸೇರಿ 100 ಮೆಗಾವ್ಯಾಟ್ ಸಾಮರ್ಥ್ಯದ ಗಾಳಿ ವಿದ್ಯುತ್ ಸ್ಥಾವರ ಕಟ್ಟುವ ಆಲೋಚನೆಯಲ್ಲಿದ್ದೇವೆ. ಜಾಗದಿಂದ ನಾಲ್ಕೇ ಕಿಲೋಮೀಟರ್ ದೂರದಲ್ಲಿ 33 ಕಿಲೋವೋಲ್ಟ್ ಮಾರ್ಗವೊಂದು ಹಾದುಹೋಗುತ್ತದೆ. ಆದರೂ ಸಲಹೆಗಾರರು 38 ಕಿಲೋಮೀಟರ್ ಆಚೆಗಿರುವ 220 ಕಿಲೋವೋಲ್ಟ್ ಉಪಕೇಂದ್ರದವರೆಗೆ ಹೊಸ ಮಾರ್ಗ ಎಳೆಯಬೇಕೆನ್ನುತ್ತಾರೆ. ಇದು ಅನಗತ್ಯ ಖರ್ಚಲ್ಲವೇ?

ಉತ್ತರ: ಅಲ್ಲ. ನಿಮ್ಮ ಸಲಹೆಗಾರರು ಹೇಳಿರುವುದು ಸರಿಯಾಗಿದೆ. ಮೊದಲು ಸರಳ ಲೆಕ್ಕವನ್ನೇ ನೋಡೋಣ. 100 ಮೆಗಾವ್ಯಾಟ್ ವಿದ್ಯುತ್ತನ್ನು 33 ಕಿಲೋವೋಲ್ಟಿನಲ್ಲಿ ಸಾಗಿಸಲು ತಂತಿಗಳಲ್ಲಿ ಸುಮಾರು 1,750 ಆಂಪಿಯರ್ ಹರಿಯಬೇಕು; 220 ಕಿಲೋವೋಲ್ಟಿನಲ್ಲಾದರೆ ಸುಮಾರು 262 ಆಂಪಿಯರ್ ಸಾಕು. ತಂತಿ ಬಿಸಿಯಾಗಿ ಪೋಲಾಗುವ ಶಕ್ತಿಯು ಆಂಪಿಯರಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಒಂದೇ ಬಗೆಯ ತಂತಿಯಲ್ಲಿ ಕಿಲೋಮೀಟರಿಗೆ ಆಗುವ ನಷ್ಟ 33 ಕಿಲೋವೋಲ್ಟಿನಲ್ಲಿ ಸುಮಾರು 44 ಪಟ್ಟು ಹೆಚ್ಚು. ಅದಕ್ಕೂ ಮೊದಲೇ, ಕೆಲವು ನೂರು ಆಂಪಿಯರುಗಳಿಗೆಂದು ಎಳೆದ ಆ ಹಳೆಯ ತಂತಿ ಅಷ್ಟು ಹೊರೆಯನ್ನು ತಾಳುವುದೇ ಇಲ್ಲ. ಆದ್ದರಿಂದಲೇ ಗಾಳಿಯಂತ್ರದಲ್ಲಿ ಸಾಮಾನ್ಯವಾಗಿ 690 ವೋಲ್ಟಿನಲ್ಲಿ ಹುಟ್ಟುವ ವಿದ್ಯುತ್ತನ್ನು ಯಂತ್ರದ ಬಳಿಯಲ್ಲೇ 33 ಕಿಲೋವೋಲ್ಟಿಗೆ ಏರಿಸಿ, ಎಲ್ಲ ಯಂತ್ರಗಳ ವಿದ್ಯುತ್ತನ್ನೂ ಸ್ಥಾವರದ ಒಂದು ಉಪಕೇಂದ್ರದಲ್ಲಿ ಒಟ್ಟುಗೂಡಿಸಿ, ಅಲ್ಲಿಂದ ಇನ್ನೂ ಹೆಚ್ಚಿನ ವೋಲ್ಟೇಜಿನಲ್ಲಿ ಹೊರಗೆ ಕಳುಹಿಸುತ್ತಾರೆ.

ನಷ್ಟಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ: ನೀವು ಸೇರುವ ಜಾಗದಲ್ಲಿ ಗ್ರಿಡ್, ಅಂದರೆ ವಿದ್ಯುತ್ ಜಾಲ, ಎಷ್ಟು ಗಟ್ಟಿಯಾಗಿದೆ? ಇದನ್ನು ಅಳೆಯಲು ಎಂಜಿನಿಯರುಗಳು ಆ ಬಿಂದುವಿನ ಶಾರ್ಟ್ ಸರ್ಕಿಟ್ ಸಾಮರ್ಥ್ಯವನ್ನು (ಅಲ್ಲಿ ತಂತಿಗಳು ಒಂದಕ್ಕೊಂದು ತಾಗಿದರೆ ಗ್ರಿಡ್ ಎಷ್ಟು ವಿದ್ಯುತ್ತನ್ನು ಹರಿಸಬಲ್ಲದು ಎಂಬ ಅಳತೆಯನ್ನು) ಸ್ಥಾವರದ ಸಾಮರ್ಥ್ಯದಿಂದ ಭಾಗಿಸುತ್ತಾರೆ. ಬರುವ ಸಂಖ್ಯೆ 3ಕ್ಕಿಂತ ಕಡಿಮೆಯಾದರೆ ಅದು ದುರ್ಬಲ ಗ್ರಿಡ್ ಎಂಬುದು ರೂಢಿಯ ಮಾತು. ದುರ್ಬಲ ಜಾಗದಲ್ಲಿ ಗಾಳಿ ಏರಿಳಿದಂತೆಲ್ಲ ವೋಲ್ಟೇಜ್ ಏರಿಳಿಯುತ್ತದೆ. ಗ್ರಿಡ್ಡಿನ ವೋಲ್ಟೇಜನ್ನು ಅನುಸರಿಸಿಯೇ ಕೆಲಸ ಮಾಡುವ ಇಂದಿನ ಯಂತ್ರಗಳ ಎಲೆಕ್ಟ್ರಾನಿಕ್ ಪರಿವರ್ತಕಗಳು ಆಧಾರ ತಪ್ಪಿದಂತಾಗಿ ಹೊಯ್ದಾಡುತ್ತವೆ. ನಾಲ್ಕು ಕಿಲೋಮೀಟರ್ ದೂರದ ಮಾರ್ಗ ಕಣ್ಣಿಗೆ ಹತ್ತಿರವಾಗಿ ಕಂಡರೂ, ಗ್ರಿಡ್ಡಿನ ಬೇರಿನಿಂದ ಅದೆಷ್ಟು ದೂರದಲ್ಲಿದೆ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ.

ಎಲ್ಲೋ ಆಗುವ ದೋಷದಿಂದ ವೋಲ್ಟೇಜ್ ಕ್ಷಣಕಾಲ ಕುಸಿದಾಗ ಸ್ಥಾವರವು ಕಳಚಿಕೊಳ್ಳದೆ ತಾಳಿಕೊಳ್ಳಬೇಕಾಗುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. 2016ರ ಸೆಪ್ಟೆಂಬರ್ 28ರಂದು ಆಸ್ಟ್ರೇಲಿಯಾದ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದಲ್ಲಿ ಸುಂಟರಗಾಳಿ 275 ಕಿಲೋವೋಲ್ಟ್ ಮಾರ್ಗಗಳನ್ನು ಕೆಡವಿ, ಸುಮಾರು ಎರಡು ನಿಮಿಷಗಳಲ್ಲಿ ಆರು ಬಾರಿ ವೋಲ್ಟೇಜ್ ಕುಸಿಯಿತು. ಇಂಥ ಕುಸಿತಗಳನ್ನು ಇಷ್ಟೇ ಬಾರಿ ತಾಳಬೇಕೆಂದು ಹಲವು ಗಾಳಿ ಸ್ಥಾವರಗಳ ನಿಯಂತ್ರಣದಲ್ಲಿ ಮಿತಿ ಹಾಕಲಾಗಿತ್ತು. ಮಿತಿ ಮೀರಿದೊಡನೆ ಏಳು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ 456 ಮೆಗಾವ್ಯಾಟ್ ಉತ್ಪಾದನೆ ಇಲ್ಲವಾಯಿತು. ಆ ಕೊರತೆಯನ್ನು ತುಂಬಲು ಹೋದ ನೆರೆರಾಜ್ಯದ ಸಂಪರ್ಕ ಮಾರ್ಗವೂ ಕಡಿದು, ಇಡೀ ರಾಜ್ಯ ಕತ್ತಲಾಯಿತು. ತಪ್ಪು ಗಾಳಿಯದಲ್ಲ, ಯಾರೂ ಅಧ್ಯಯನದಲ್ಲಿ ಪರೀಕ್ಷಿಸದೆ ಬಿಟ್ಟಿದ್ದ ಒಂದು ಸಂಖ್ಯೆಯದು.

ಪ್ರಶ್ನೆ: ಗಾಳಿ ಸ್ಥಾವರವು ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಮೂರನೆಯ ಒಂದು ಭಾಗದಷ್ಟು ಮಾತ್ರ ಉತ್ಪಾದಿಸುತ್ತದೆಯಂತೆ. ಹಾಗಾದರೆ ಮಾರ್ಗವನ್ನೂ ಅಷ್ಟಕ್ಕೇ ಕಟ್ಟಬಾರದೇ?

ಉತ್ತರ: ಸರಾಸರಿ ಮಳೆಯ ಲೆಕ್ಕದಲ್ಲಿ ಯಾರೂ ಸೇತುವೆ ಕಟ್ಟುವುದಿಲ್ಲ. ಮಾರ್ಗವು ತುಂಬು ಗಾಳಿಯ ದಿನದ ಹೊರೆಯನ್ನೂ ಹೊರಬೇಕು. ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ನಿಜಾಂಶವಿದೆ. ಎಲ್ಲ ಯಂತ್ರಗಳೂ ಒಂದೇ ಹೊತ್ತಿಗೆ ಪೂರ್ಣ ಸಾಮರ್ಥ್ಯ ಮುಟ್ಟುವ ಗಂಟೆಗಳು ಕಡಿಮೆ. ಆದ್ದರಿಂದ ಮಾರ್ಗವನ್ನು ಸ್ಥಾವರದ ಸಾಮರ್ಥ್ಯಕ್ಕಿಂತ ತುಸು ಕಡಿಮೆಗೆ ಕಟ್ಟಿ, ಆ ಕೆಲವು ಗಂಟೆಗಳಲ್ಲಿ ಉತ್ಪಾದನೆಯನ್ನು ತಗ್ಗಿಸುವುದು ಕೆಲವೊಮ್ಮೆ ಲಾಭದಾಯಕವೇ ಆದೀತು.

ಪ್ರಕೃತಿಯೂ ಇಲ್ಲಿ ಸ್ವಲ್ಪ ನೆರವಾಗುತ್ತದೆ. ತಂತಿಯ ಮಿತಿಯನ್ನು ನಿರ್ಧರಿಸುವುದು ಅದರ ಬಿಸಿ. ಆ ಮಿತಿಯನ್ನು ಬಿಸಿಲಿನ, ಗಾಳಿ ತೀರಾ ಮಂದವಾದ ದಿನವನ್ನು ಊಹಿಸಿ ಗೊತ್ತುಮಾಡಿರುತ್ತಾರೆ. ನಿಮ್ಮ ಮಾರ್ಗದ ಮೇಲೆ ಹೊರೆ ಹೆಚ್ಚುವುದೋ ಜೋರು ಗಾಳಿಯ ದಿನ. ಯಂತ್ರವನ್ನು ತಿರುಗಿಸುವ ಗಾಳಿಯೇ ತಂತಿಯನ್ನೂ ತಂಪಾಗಿಸುತ್ತದೆ. ಹವಾಮಾನವನ್ನು ಅಳೆದು ತಂತಿಯ ಮಿತಿಯನ್ನು ಆಗಾಗ ಬದಲಿಸುವ ವ್ಯವಸ್ಥೆಗಳು ಇದನ್ನೇ ಬಳಸಿಕೊಳ್ಳುತ್ತವೆ. ಮಾರ್ಗವು ಗಾಳಿ ತಾಗದ ಕಣಿವೆಯಲ್ಲಿ ಹಾದರೆ ಅಥವಾ ಗಾಳಿ ತಂತಿಯ ಉದ್ದಕ್ಕೇ ಬೀಸಿದರೆ ಈ ಲಾಭ ಕುಗ್ಗುತ್ತದೆ. ಇನ್ನು ಗಾಳಿ ಪೂರ್ತಿ ನಿಂತ ಹೊತ್ತಿನಲ್ಲಿ ಸಮಸ್ಯೆ ತಿರುವುಮುರುವು: ಹೊರೆಯಿಲ್ಲದ ಮಾರ್ಗವೂ ಸ್ಥಾವರದೊಳಗಿನ ನೆಲದಡಿಯ ಕೇಬಲ್‌ಗಳೂ ಸೇರಿ ವೋಲ್ಟೇಜನ್ನು ಮೇಲೆತ್ತುತ್ತವೆ. ಅದನ್ನು ಹಿಡಿದಿಡುವ ಉಪಕರಣಗಳಿಗೂ ಉಪಕೇಂದ್ರದಲ್ಲಿ ಜಾಗ ಬಿಟ್ಟಿರಬೇಕು.

ಪ್ರಶ್ನೆ: ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಅದೇ ಅತಿ ಅಗ್ಗದ ಮಾರ್ಗವಲ್ಲವೇ?

ಉತ್ತರ: ಭಾಗಶಃ ಹೌದು. ನೇರ ಸಾಲಿನಲ್ಲಿ ನಿಂತ ಗೋಪುರವು ಮುಖ್ಯವಾಗಿ ತಂತಿಯ ಭಾರವನ್ನೂ ಗಾಳಿಯ ಒತ್ತಡವನ್ನೂ ಹೊರುತ್ತದೆ. ತಿರುವಿನಲ್ಲಿರುವ ಗೋಪುರವನ್ನು ಎರಡೂ ಕಡೆಯ ತಂತಿಗಳು ಒಳಮುಖವಾಗಿ ಎಳೆಯುತ್ತಿರುವುದರಿಂದ ಅದಕ್ಕೆ ಹೆಚ್ಚು ಉಕ್ಕೂ ಗಟ್ಟಿಯಾದ ಅಡಿಪಾಯವೂ ಬೇಕು. ಹಾಗೆಂದು ಜೌಗು, ಹಕ್ಕಿಗಳ ಹಾರಾಟದ ದಾರಿ, ಮನೆಗಳ ಗುಂಪು, ಕಾಡು ಎದುರಾದಾಗ ನೇರ ಗೆರೆಗೆ ಅಂಟಿಕೊಂಡರೆ, ಉಕ್ಕಿನಲ್ಲಿ ಉಳಿಸಿದ್ದನ್ನು ಅನುಮತಿಗಾಗಿ ಕಾಯುವುದರಲ್ಲಿ ಕಳೆಯುತ್ತೀರಿ. ಜಮೀನಿನವರೊಂದಿಗಿನ ಮಾತುಕತೆ ಸರ್ವೆಗೆ ಮೊದಲೇ ನಡೆಯಲಿ. ಗೂಟ ನೆಟ್ಟ ಮೇಲೆ ಕೇಳುವ ಒಪ್ಪಿಗೆಯನ್ನು ಯಾರೂ ಒಪ್ಪಿಗೆಯೆಂದು ನಂಬುವುದಿಲ್ಲ. ಗಾಳಿಯಂತ್ರಗಳಿಂದಲೂ ಸಾಕಷ್ಟು ದೂರವಿರಿ, ಏಕೆಂದರೆ ಅವುಗಳ ಹಿಂದೆ ಕದಡಿದ ಗಾಳಿ ತಂತಿಗಳನ್ನು ಅಲುಗಿಸಿ ಸವೆಸುತ್ತದೆ.

ಪ್ರಶ್ನೆ: ಮಾರ್ಗದ ಕೆಲಸವನ್ನು ಯಾವಾಗ ಆರಂಭಿಸಬೇಕು?

ಉತ್ತರ: ಯಂತ್ರಗಳಿಗೆ ಆದೇಶ ಕೊಡುವ ಮೊದಲೇ. ಯಂತ್ರಗಳು ಒಂದೆರಡು ವರ್ಷಗಳಲ್ಲಿ ಎದ್ದು ನಿಲ್ಲುತ್ತವೆ, ದೀರ್ಘ ಮಾರ್ಗಗಳಿಗೆ ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ. ಅಮೆರಿಕದ ಟೆಕ್ಸಸ್ ರಾಜ್ಯವು ಗಾಳಿ ಹೆಚ್ಚಿರುವ ಪ್ರದೇಶಗಳಿಗೆ ಮೊದಲೇ ಮಾರ್ಗ ಕಟ್ಟಲು 2005ರಲ್ಲಿ ಕಾನೂನು ಮಾಡಿ, 2008ರಲ್ಲಿ ಯೋಜನೆಯನ್ನು ಆರಿಸಿತು. ಸುಮಾರು 5,800 ಕಿಲೋಮೀಟರ್ ಉದ್ದದ 345 ಕಿಲೋವೋಲ್ಟ್ ಮಾರ್ಗಗಳು ಮುಗಿಯುವ ಹೊತ್ತಿಗೆ 2014 ಬಂದಿತ್ತು. ನಿಮ್ಮ 38 ಕಿಲೋಮೀಟರಿಗೆ ಅಷ್ಟು ಕಾಲ ಬೇಡ. ಆದರೆ ಗ್ರಿಡ್ ಸಂಸ್ಥೆಗೆ ಅರ್ಜಿ ಸಲ್ಲಿಸುವಾಗ ಯಂತ್ರದ ವಿದ್ಯುತ್ ವರ್ತನೆಯ ಗಣಕ ಮಾದರಿಯನ್ನು ಕೇಳಿ, ಅದನ್ನು ಬಳಸಿ ಗ್ರಿಡ್ಡಿನ ಮೇಲಾಗುವ ಪರಿಣಾಮದ ಅಧ್ಯಯನ ನಡೆಸುತ್ತಾರೆ. ಆಮೇಲೆ ಅಗ್ಗವಾಯಿತೆಂದು ಬೇರೆ ಯಂತ್ರವನ್ನು ಆರಿಸಿದರೆ, ಮುಗಿದ ಅಧ್ಯಯನವನ್ನು ಮೊದಲಿನಿಂದ ಮಾಡಬೇಕಾಗಿ ಬರಬಹುದು.