ಅಟ್ಟದಲ್ಲಿ ಸಿಕ್ಕ ಓಲೆಕಟ್ಟು, ದೀಪ, ಕತ್ತಿ: ಕಾರ್ಬನ್ ಡೇಟಿಂಗ್ ಮಾಡಿಸಬಹುದಾ?

ನೀವು ಕೇಳಿದ್ದು ಇಷ್ಟು: ಶಿರಸಿ ಹತ್ತಿರ ಹಳೇ ಮನೆ ಕೀಳಿಸುವಾಗ ಅಡುಗೆಮನೆ ಅಟ್ಟದ ಮೇಲೆ ಒಂದು ತಾಳೆಗರಿ ಕಟ್ಟು, ಮಸಿ ಹಿಡಿದ ಹಿತ್ತಾಳೆ ದೀಪ, ತುಕ್ಕು ತಿಂದ ಕತ್ತಿ ಸಿಕ್ಕಿವೆ. ಎಲ್ಲವನ್ನೂ ಚೊಕ್ಕ ಮಾಡಿ ಕಾರ್ಬನ್ ಡೇಟಿಂಗ್‌ಗೆ ಕಳಿಸಿದರೆ ಎಷ್ಟು ವರ್ಷ ಹಳೆಯವು ಅಂತ ಗೊತ್ತಾಗುತ್ತಾ, ಎಲ್ಲಿಗೆ ಕಳಿಸಬೇಕು?

ಚೊಕ್ಕ ಮಾಡಬೇಡಿ. ಇನ್ನೂ ಮಾಡಿಲ್ಲ ಅಂದುಕೊಂಡೇ ಮುಂದಿನದ್ದು ಬರೆಯುತ್ತಿದ್ದೇನೆ.

ನಾನು ಕುಮಟಾ ಕಡೆಯವನು. ಕೆಮಿಸ್ಟ್ರಿ ಓದಿ ಈಗ ಹಳೇ ವಸ್ತುಗಳನ್ನು ಪರೀಕ್ಷೆ ಮಾಡಿ ಕಾಪಾಡುವ ಲ್ಯಾಬ್ ಒಂದರಲ್ಲಿದ್ದೇನೆ. ಎಷ್ಟೋ ಜನ ವಸ್ತುವನ್ನು ತಿಕ್ಕಿ ತೊಳೆದು, ಫಳಫಳ ಮಾಡಿ, ಪೇಪರಿನಲ್ಲಿ ಸುತ್ತಿ ತರುತ್ತಾರೆ. ಪಾಪ, ಗೌರವದಿಂದಲೇ ಮಾಡಿರುತ್ತಾರೆ. ಆದರೆ ನಮಗೆ ಬೇಕಾದ್ದು ಬಚ್ಚಲಲ್ಲಿ ಹರಿದುಹೋಗಿರುತ್ತದೆ.

ದೀಪದಿಂದ ಶುರು ಮಾಡೋಣ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಅದರಲ್ಲಿ ಇಂಗಾಲ ಇಲ್ಲ, ಹಾಗಾಗಿ ಲೋಹಕ್ಕೆ ಕಾರ್ಬನ್ ಡೇಟಿಂಗ್ ಸಾಧ್ಯವಿಲ್ಲ. ಆದರೆ ಬತ್ತಿ ಇಡುವ ಮೂತಿಯ ಹತ್ತಿರ ಎಣ್ಣೆ ಜಿಡ್ಡು, ಕರಿ ಸೇರಿ ಹೆಪ್ಪುಗಟ್ಟಿ ಕೂತಿರುತ್ತದಲ್ಲ, ಅದರಲ್ಲಿ ಇದೆ. ಅದರ ಒಂದು ಚೂರನ್ನು ಗ್ಯಾಸ್ ಕ್ರೊಮ್ಯಾಟೋಗ್ರಫಿ ಯಂತ್ರಕ್ಕೆ (ಒಳಗಿರುವ ರಾಸಾಯನಿಕಗಳನ್ನು ಬೇರೆ ಬೇರೆ ಮಾಡಿ ತೋರಿಸುವ ಯಂತ್ರ) ಕೊಟ್ಟರೆ ಯಾವ ಎಣ್ಣೆ ಉರಿದಿತ್ತು ಅಂತ ಊಹಿಸಬಹುದು. ತೆಂಗಿನೆಣ್ಣೆಯಲ್ಲಿ ಹೆಚ್ಚುಕಮ್ಮಿ ಅರ್ಧ ಲಾರಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲ. ಹೊನ್ನೆ ಎಣ್ಣೆಯಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಸೀಮೆಎಣ್ಣೆ ಬರುವ ಮುಂಚೆ ನಮ್ಮ ಕರಾವಳಿಯ ಮನೆಗಳಲ್ಲಿ ಹೊನ್ನೆ ಎಣ್ಣೆ ದೀಪ ಉರಿಯುತ್ತಿತ್ತು ಅಂತ ಅಜ್ಜಿಯರು ಹೇಳುವುದನ್ನು ಕೇಳಿರುತ್ತೀರಿ. ಆ ಮಾತಿಗೆ ಸಾಕ್ಷಿ ದೀಪದ ಮೂತಿಯಲ್ಲೇ ಇರಬಹುದು. ಅದೇ ಜಿಡ್ಡಿಗೆ ಕಾರ್ಬನ್ ಡೇಟಿಂಗ್ ಕೂಡ ಮಾಡಬಹುದು. ಆದರೆ ಅದರಿಂದ ಸಿಗುವುದು ಎಣ್ಣೆ ಉರಿದ ಕಾಲ ಮಾತ್ರ. ದೀಪವನ್ನು ಎರಕ ಹೊಯ್ದ ಕಾಲ ಸಿಗುವುದಿಲ್ಲ.

ಲೋಹ ಯಾವುದು ಅಂತ ನೋಡಲು ಎಕ್ಸ್‌ಆರ್‌ಎಫ್ ಅನ್ನುವ ಉಪಕರಣ ಇದೆ. ಪಿಸ್ತೂಲಿನ ಆಕಾರ, ಕೈಯಲ್ಲೇ ಹಿಡಿಯಬಹುದು. ಎಕ್ಸ್‌ರೇ ಬಿಟ್ಟಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಕಿರಣ ವಾಪಸ್ ಕೊಡುತ್ತದೆ. ತಾಮ್ರ ಎಷ್ಟು, ಸತು ಎಷ್ಟು, ಸೀಸ ಎಷ್ಟು ಅಂತ ನಿಮಿಷದಲ್ಲಿ ಸ್ಕ್ರೀನಿನ ಮೇಲೆ ಬರುತ್ತದೆ. ವಸ್ತುವನ್ನು ಕೆರೆಯುವುದು, ಕೊರೆಯುವುದು ಏನೂ ಬೇಡ. ಒಂದೇ ತೊಂದರೆ, ಅದು ಓದುವುದು ಮೇಲಿನ ತೆಳು ಪದರವನ್ನು ಮಾತ್ರ. ಹುಣಸೆಹುಳಿ ಹಚ್ಚಿ ಜಾಸ್ತಿ ಹೊತ್ತು ಬಿಟ್ಟ ಹಿತ್ತಾಳೆ ಕೆಲವೊಮ್ಮೆ ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ಮನೆಯಲ್ಲಿ ನೋಡಿರಬಹುದು. ಹುಳಿ ಮೇಲ್ಮೈಯಿಂದ ಸತುವನ್ನು ಎಳೆದುಕೊಂಡು ಹೋಗಿ ತಾಮ್ರವನ್ನು ಉಳಿಸಿರುತ್ತದೆ. ಅಂಥ ಜಾಗಕ್ಕೆ ಉಪಕರಣ ಹಿಡಿದರೆ ತಾಮ್ರ ಇರುವುದಕ್ಕಿಂತ ಜಾಸ್ತಿ ಅಂತ ತೋರಿಸುತ್ತದೆ. ಯಂತ್ರದ ತಪ್ಪಿಲ್ಲ, ತಿಕ್ಕಿದವರದ್ದು.

ಹುಳಿ ಜೊತೆ ಉಪ್ಪು ಹಾಕಿ ತಿಕ್ಕುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಉಪ್ಪಿನ ಕ್ಲೋರೈಡ್ ಲೋಹದ ಸಣ್ಣ ಗುಳಿಗಳಲ್ಲಿ ಕೂತುಬಿಟ್ಟರೆ ತಾಮ್ರದ ಜೊತೆ ಸೇರಿ ತಾಮ್ರದ ಕ್ಲೋರೈಡ್ ಆಗುತ್ತದೆ. ಗಾಳಿಯ ತೇವ ತಗುಲಿದರೆ ಅದರಿಂದ ಹೈಡ್ರೋಕ್ಲೋರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಒಳಗಿನ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡ್ ಆಗುತ್ತದೆ. ಹೀಗೆ ಸುತ್ತು ನಡೆಯುತ್ತಲೇ ಇರುತ್ತದೆ. ಸಂರಕ್ಷಣೆಯವರು ಇದಕ್ಕೆ ಕಂಚಿನ ರೋಗ ಅನ್ನುತ್ತಾರೆ. ಗುರುತು ಹಿಡಿಯುವುದು ಸುಲಭ. ತಿಳಿಹಸಿರು ಬಣ್ಣದ ಪುಡಿಪುಡಿ ಚುಕ್ಕೆ, ಉಗುರಿಗೆ ಉದುರುತ್ತದೆ, ಒರೆಸಿದರೆ ಕೆಲವು ದಿನ ಬಿಟ್ಟು ಅಲ್ಲೇ ಮತ್ತೆ ಬರುತ್ತದೆ. ಗಟ್ಟಿಯಾಗಿ ಅಂಟಿಕೊಂಡ ಕಡುಹಸಿರು ಅಥವಾ ಕಂದು ಪದರ ಬೇರೆ. ಅದು ಲೋಹವನ್ನು ಕಾಯುತ್ತದೆ, ಅದನ್ನು ಮುಟ್ಟಬೇಡಿ. ನಿಮ್ಮದು ಘಟ್ಟದ ಮೇಲೆ, ಹಾಗಾಗಿ ಕಡಲಗಾಳಿಯ ಉಪ್ಪಿನ ಕಾಟ ಕಡಿಮೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಚಾಪೆಲ್ ಯುದ್ಧನೌಕೆಗೆ ಆ ಅದೃಷ್ಟ ಇಲ್ಲ. ಅದು ಉಕ್ಕು, ಅಲ್ಲಿ ರೋಗದ ಹೆಸರು ಬೇರೆ, ಆದರೆ ಶತ್ರು ಇದೇ ಕ್ಲೋರೈಡ್.

ಈಗ ಓಲೆಕಟ್ಟು. ನನಗೆ ಹೊಟ್ಟೆಕಿಚ್ಚು ಆಗಿದ್ದು ಇದರ ಮೇಲೆ.

ತಾಳೆಗರಿಗೆ ಕಾರ್ಬನ್ ಡೇಟಿಂಗ್ ಖಂಡಿತ ಆಗುತ್ತದೆ. ಗಿಡ ಬದುಕಿದ್ದಾಗ ಗಾಳಿಯಿಂದ ಇಂಗಾಲ ತೆಗೆದುಕೊಳ್ಳುತ್ತದೆ, ಗರಿ ಕತ್ತರಿಸಿದ ಮೇಲೆ ಅದು ನಿಲ್ಲುತ್ತದೆ. ಒಳಗಿರುವ ಕಾರ್ಬನ್-14 (ಇಂಗಾಲದ ವಿಕಿರಣಶೀಲ ರೂಪ) ಮಾತ್ರ ಕ್ಷಯಿಸುತ್ತಾ ಹೋಗುತ್ತದೆ. 5730 ವರ್ಷಕ್ಕೆ ಅರ್ಧ ಆಗುತ್ತದೆ. ಇದನ್ನು ಅಳೆದು ವಯಸ್ಸು ಹೇಳುವ ದಾರಿ ತೋರಿಸಿದ್ದಕ್ಕೆ ವಿಲ್ಲರ್ಡ್ ಲಿಬ್ಬಿಗೆ 1960ರಲ್ಲಿ ನೊಬೆಲ್ ಬಂತು. ಈಗಿನ ಯಂತ್ರಗಳಿಗೆ ಕೆಲವು ಮಿಲಿಗ್ರಾಂ ಸಾಕು, ಅಂದರೆ ಓಲೆಯ ಖಾಲಿ ತುದಿಯ ಒಂದು ಚೂರು.

ಆದರೂ ನಾನು ಮಾಡಿಸಿ ಅನ್ನುವುದಿಲ್ಲ. ಲೆಕ್ಕ ನೋಡಿ. ಮುನ್ನೂರು ವರ್ಷದಲ್ಲಿ ಕ್ಷಯಿಸುವ ಕಾರ್ಬನ್-14 ಶೇಕಡಾ 3.6ರಷ್ಟು ಮಾತ್ರ. ಅದನ್ನು ಯಂತ್ರ ಅಳೆಯುತ್ತದೆ ಅಂತಲೇ ಇಟ್ಟುಕೊಳ್ಳಿ. ಆದರೆ ಸುಮಾರು 1650ರಿಂದ 1950ರವರೆಗೆ ಗಾಳಿಯಲ್ಲಿದ್ದ ಕಾರ್ಬನ್-14 ಪ್ರಮಾಣವೇ ಏರಿಳಿದಿದೆ. ಸೂರ್ಯನ ಚಟುವಟಿಕೆ ಬದಲಾಯಿತು, ಆಮೇಲೆ ಕಲ್ಲಿದ್ದಲು ಸುಟ್ಟ ಹೊಗೆ ಸೇರಿತು. ಹಾಗಾಗಿ ಈ ಮುನ್ನೂರು ವರ್ಷದಲ್ಲಿ ಕತ್ತರಿಸಿದ ಗರಿಗೆ "1670 ಇರಬಹುದು, 1780 ಇರಬಹುದು, 1900 ಕೂಡ ಇರಬಹುದು" ಅನ್ನುವಂಥ ಉತ್ತರ ಬರುತ್ತದೆ. ನಮ್ಮ ಮಳೆ, ಒರಲೆ ಎರಡನ್ನೂ ತಾಳಿ ಮನೆಗಳಲ್ಲಿ ಉಳಿದಿರುವ ಓಲೆಗಳಲ್ಲಿ ಹೆಚ್ಚಿನವು ಇದೇ ಕಾಲದವು. ದುಡ್ಡು ಕೊಟ್ಟು ಇದನ್ನು ತಿಳಿದುಕೊಂಡು ಏನು ಮಾಡುತ್ತೀರಿ? ಮೋಸ ಹಿಡಿಯಲಿಕ್ಕಾದರೆ ಸರಿ. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯ ಕಾರ್ಬನ್-14 ಹೆಚ್ಚುಕಮ್ಮಿ ಎರಡರಷ್ಟಾಯಿತು. ಆಮೇಲೆ ಬೆಳೆದ ಗರಿಯ ಮೇಲೆ ಹಳೇ ಲಿಪಿ ಗೀಚಿ ಮಾರಿದರೆ ಸಿಕ್ಕಿಬೀಳುತ್ತಾರೆ.

ನಿಮ್ಮ ಕಟ್ಟಿನ ವರ್ಷ ಪುಕ್ಕಟೆಯಾಗಿ ಸಿಗುವ ಜಾಗ ಇನ್ನೊಂದಿದೆ: ಕೊನೆಯ ಓಲೆ. ಬರೆದವರು ಬಹಳ ಸಲ ಅಲ್ಲಿ ಸಂವತ್ಸರ, ಮಾಸ, ತಿಥಿ, ವಾರ ಹಾಕಿರುತ್ತಾರೆ. ಶಕ ವರ್ಷ ಇದ್ದರೆ 78 ಕೂಡಿಸಿದರೆ ಮುಗಿಯಿತು. ಬರೀ ಸಂವತ್ಸರ ಇದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ. ಪ್ರಭವ ಅಂತಿದ್ದರೆ 1807, 1867, 1927 ಯಾವುದೂ ಆಗಬಹುದು. ಆಗ ತಿಥಿ ಮತ್ತು ವಾರ ಎರಡೂ ಯಾವ ವರ್ಷದಲ್ಲಿ ಕೂಡಿ ಬರುತ್ತವೆ ಅಂತ ಪಂಚಾಂಗದ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಒಂದೇ ಉಳಿಯುತ್ತದೆ.

ಓದಲು ಬರುತ್ತಿಲ್ಲ, ಮಲಯಾಳದ ಹಾಗೆ ಕಾಣುತ್ತದೆ ಅಂತೀರಾದರೆ ಅದು ತಿಗಳಾರಿ ಲಿಪಿ ಇರಬಹುದು. ಹವ್ಯಕರ ಮನೆಗಳಲ್ಲಿ ಸಂಸ್ಕೃತ ಗ್ರಂಥ ಬರೆಯಲು ಅದನ್ನೇ ಬಳಸುತ್ತಿದ್ದರು. ಸಾಗರದ ಹತ್ತಿರದ ಕೆಳದಿ ಮ್ಯೂಸಿಯಂನಲ್ಲಿ ಈ ಲಿಪಿಯ ಓಲೆಗಳಿವೆ.

ಅಕ್ಷರ ಕಾಣದಿದ್ದರೆ ಒಂದು ಕೆಲಸ ಮಾಡಿ. ರಾತ್ರಿ ಕೋಣೆಯ ಲೈಟ್ ಆರಿಸಿ. ಓಲೆಯನ್ನು ಮೇಜಿನ ಮೇಲೆ ಮಲಗಿಸಿ, ಮೊಬೈಲ್ ಟಾರ್ಚನ್ನು ಮೇಲಿನಿಂದ ಬಿಡದೆ ಪಕ್ಕದಿಂದ, ಮೇಜಿನ ಮಟ್ಟದಲ್ಲೇ ಬಿಡಿ. ಕಂಟದಿಂದ (ಓಲೆ ಮೇಲೆ ಬರೆಯುವ ಕಬ್ಬಿಣದ ಲೇಖನಿ) ಕೊರೆದ ಗೆರೆ ಪ್ರತಿಯೊಂದಕ್ಕೂ ನೆರಳು ಬೀಳುತ್ತದೆ. ಮಸಿ ಪೂರ್ತಿ ಉದುರಿದ ಸಾಲು ಕೂಡ ಎದ್ದು ಕಾಣುತ್ತದೆ. ಟಾರ್ಚನ್ನು ಸುತ್ತ ತಿರುಗಿಸುತ್ತಾ ಹೋದರೆ ಒಂದು ಕಡೆಯಿಂದ ಕಾಣದ ಒತ್ತು ಇನ್ನೊಂದು ಕಡೆಯಿಂದ ಕಾಣುತ್ತದೆ.

ಇದಕ್ಕೂ ಬಗ್ಗದ ಓಲೆಗೆ ಇನ್ಫ್ರಾರೆಡ್ ಇದೆ. ದೀಪದ ಕಾಡಿಗೆಯಿಂದ ಮಾಡಿದ ಮಸಿ ಇನ್ಫ್ರಾರೆಡ್ ಬೆಳಕನ್ನು ನುಂಗುತ್ತದೆ, ಕಂದು ತಿರುಗಿದ ಗರಿ ಅದನ್ನು ವಾಪಸ್ ಕಳಿಸುತ್ತದೆ. ಕಣ್ಣಿಗೆ ಎರಡೂ ಕಪ್ಪು, ಕ್ಯಾಮೆರಾಗೆ ಬೆಳ್ಳಗಿನ ಹಿನ್ನೆಲೆಯಲ್ಲಿ ಕಪ್ಪಕ್ಷರ. ಅಮೆರಿಕದ ರಾಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ 2006ರ ಹೊತ್ತಿಗೆ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಓಲೆಗಳನ್ನು ಹೀಗೇ ಓದುವಂತೆ ಮಾಡಿದರು. ಈಸ್ಟನ್ ಅದಕ್ಕೂ ಮೊದಲು ಆರ್ಕಿಮಿಡೀಸನ ಬರಹ ಅಳಿಸಿದ್ದ ಚರ್ಮದ ಹಾಳೆಗಳ ಮೇಲೆ ಕೆಲಸ ಮಾಡಿದವರು. ನಿಮ್ಮ ಮೊಬೈಲಿನ ಕ್ಯಾಮೆರಾ ಇನ್ಫ್ರಾರೆಡ್ ಬೆಳಕನ್ನು ತಡೆಯುತ್ತದೆ. ಆದರೆ ಅಡಿಕೆ ಕಳ್ಳರಿಗೆ ಅಂತ ಅಂಗಳಕ್ಕೆ ಹಾಕಿರುವ ಸಿಸಿಟಿವಿ ರಾತ್ರಿ ನೋಡುವುದು ಇದೇ ಬೆಳಕಿನಲ್ಲಿ! ಚಿತ್ರ ಅಷ್ಟೇನೂ ಚೆನ್ನಾಗಿ ಬರಲ್ಲ, ಸುಮ್ನೆ ಒಂದು ಸಲ ಓಲೆ ಹಿಡಿದು ನೋಡಿ.

ಎಣ್ಣೆ ಮಾತ್ರ ಹಚ್ಚಬೇಡಿ. ಲೆಮನ್‌ಗ್ರಾಸ್ ಎಣ್ಣೆ ಹಚ್ಚಿ ಅಂತ ಯಾರಾದರೂ ಹೇಳುತ್ತಾರೆ. ಅದು ನಿಜವಾದ ಪದ್ಧತಿಯೇ, ತಿಳಿದವರು ಮಾಡುತ್ತಾರೆ. ಆದರೆ ಎಣ್ಣೆ ಅಂದರೆ ಈ ವರ್ಷದ ಗಿಡದ ಇಂಗಾಲ. ಮುಂದೆ ಯಾರಾದರೂ ಡೇಟಿಂಗ್ ಮಾಡಿಸಿದರೆ ಮೊದಲು ಅದನ್ನು ತೊಳೆದು ತೆಗೆಯಬೇಕಾಗುತ್ತದೆ. ಓಲೆ ಬರೆಯುತ್ತಿದ್ದವರೇ ಕೊನೆಯಲ್ಲಿ ಒಂದು ಶ್ಲೋಕ ಸೇರಿಸುತ್ತಿದ್ದರು: ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ ಅಂತ. ನಿಮ್ಮ ಕಟ್ಟಿನಲ್ಲೂ ಇದ್ದರೆ ಆಶ್ಚರ್ಯ ಇಲ್ಲ. ಅಂಟಿಕೊಂಡ ಓಲೆಗಳನ್ನು ಎಳೆದು ಬಿಡಿಸಬೇಡಿ, ಬಿಸಿಲಿಗೆ ಹಾಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಹಳೇ ಹತ್ತಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಗಾಳಿಯಾಡುವ ಕಡೆ ಇಡಿ. ಇಷ್ಟು ವರ್ಷ ಉಳಿದಿದ್ದಕ್ಕೆ ಒಲೆ ಹೊಗೆಯ ಋಣವೂ ಇದೆ, ಹುಳ ಅದರ ಹತ್ತಿರ ಸುಳಿಯುವುದಿಲ್ಲ.

ಕತ್ತಿ ಬಗ್ಗೆ ಹೇಳುವುದು ಕಡಿಮೆ. ಇದ್ದಿಲಿನಲ್ಲಿ ಮಾಡಿದ ಉಕ್ಕಿಗೆ ಡೇಟಿಂಗ್ ಆಗುತ್ತದೆ, ಯಾಕಂದರೆ ಅದರೊಳಗಿನ ಇಂಗಾಲ ಮರದ್ದು. ಕಲ್ಲಿದ್ದಲಿನ ಕೋಕ್‌ನಿಂದ ಮಾಡಿದ್ದಾದರೆ, ಕಲ್ಲಿದ್ದಲಿನ ಕಾರ್ಬನ್-14 ಎಂದೋ ಮುಗಿದಿರುವುದರಿಂದ, ನಿನ್ನೆ ಮೊನ್ನೆಯ ಕತ್ತಿಯೂ ಹತ್ತಾರು ಸಾವಿರ ವರ್ಷ ಹಳೆಯದು ಅಂತ ಬರುತ್ತದೆ. ಉಪ್ಪುಕಾಗದದಿಂದ ಉಜ್ಜಬೇಡಿ, ಒಣಗಿದ ಜಾಗದಲ್ಲಿಡಿ, ಸಾಕು.

ಎಲ್ಲಿಗೆ ಅಂದರೆ: ಲಖನೌದಲ್ಲಿರುವ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲಿದೆ. ಮೊದಲು ಫೋಟೋ ತೆಗೆದು ಅಲ್ಲಿ ಕೇಳಿ. ಡೇಟಿಂಗ್ ಬೇಕೇ ಬೇಕು ಅಂದರೆ ದೆಹಲಿಯ ಐಯುಎಸಿಯಲ್ಲಿ (ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್) ಯಂತ್ರ ಇದೆ. ಇನ್ನು ಮನೆ ಬಾಗಿಲಿಗೆ ಬಂದು ಬೆಲೆ ಹೇಳುವವರಿಗೆ ಏನನ್ನೂ ಕೊಡಬೇಡಿ. 1972ರ ಪುರಾತನ ವಸ್ತುಗಳು ಮತ್ತು ಕಲಾನಿಧಿಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪುರಾತನ ವಸ್ತುಗಳ ಲೆಕ್ಕಕ್ಕೆ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗೇ ಇಲ್ಲ. ಮನೆ ಕೀಳಿಸಿದ ಮೇಲೆ ಅಡಿಪಾಯ ಅಗೆಯುತ್ತೀರಲ್ವಾ, ಆಗ ನೆಲದೊಳಗೆ ಏನಾದರೂ ಸಿಕ್ಕರೆ ಅದಕ್ಕೆ ನಿಧಿಯ ಕಾನೂನು ಬೇರೆಯೇ ಇದೆ, ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಬೇಕಾಗುತ್ತದೆ.